ಫಾರ್ಚುನರ್‌ಗೆ ಹೊಂದುವ ವೀಲು, ಸ್ಪ್ರಿಂಗು, ಶಾಕು: ಕೊಳ್ಳುವ ಮೊದಲು ಅಳೆಯಬೇಕಾದದ್ದು

ಆರು ನಟ್ಟು ಕೂತ ಮಾತ್ರಕ್ಕೆ ವೀಲ್ ಹೊಂದಿತು ಅಂತಲ್ಲ. 2016ರಿಂದ ಬಂದ ಎರಡನೇ ತಲೆಮಾರಿನ ಟೊಯೋಟಾ ಫಾರ್ಚುನರ್ ಇಟ್ಟುಕೊಂಡವರು ಹೆಚ್ಚಾಗಿ ಮೋಸಹೋಗುವುದು ಇಲ್ಲೇ. ಆರು ಸ್ಟಡ್‌ನ ದೊಡ್ಡ ಎಸ್‌ಯುವಿಗಳಲ್ಲಿ ಬಹಳಷ್ಟಕ್ಕೆ ಒಂದೇ ಪಿಸಿಡಿ (ನಟ್ಟಿನ ತೂತುಗಳ ನಡುಗಳನ್ನು ಹಾಯುವ ವೃತ್ತದ ವ್ಯಾಸ), 6×139.7 ಮಿ.ಮೀ. ಫಾರ್ಚುನರ್, ಎಂಡೆವರ್, ಪಜೆರೋ, ಲ್ಯಾಂಡ್ ಕ್ರೂಸರ್ 300 ಎಲ್ಲವೂ ಅದೇ. ಹಾಗಾಗಿ ಅಂಗಡಿಯಲ್ಲಿ 'ಸಿಕ್ಸ್ ಹೋಲ್ 139, ಬರುತ್ತೆ ಸಾರ್' ಅನ್ನುವ ಮಾತು ಸುಳ್ಳಲ್ಲ, ಅರ್ಧ ಸತ್ಯ. ಉಳಿದರ್ಧ ವೀಲಿನ ನಡುವಿನ ತೂತಿನಲ್ಲಿದೆ, ಆಫ್‌ಸೆಟ್‌ನಲ್ಲಿದೆ.

ಮೊದಲು ನಡುವಿನ ತೂತು, ಅಂದರೆ ಸೆಂಟರ್ ಬೋರ್. ಫಾರ್ಚುನರ್‌ನದು 106.1 ಮಿ.ಮೀ. ಎಂಡೆವರ್‌ನದು 93.1, ಲ್ಯಾಂಡ್ ಕ್ರೂಸರ್ 300ರದು 95.1, ಪಜೆರೋದ್ದು 67.1. ಇವುಗಳಲ್ಲಿ ಯಾವುದರ ವೀಲ್ ತಂದರೂ ಫಾರ್ಚುನರ್ ಹಬ್ಬಿನ (ಗಾಡಿಯ ಬದಿ ವೀಲ್ ಕೂರುವ ಭಾಗ) ಮೇಲೆ ಕೂರುವುದೇ ಇಲ್ಲ. ಲೇತ್‌ನಲ್ಲಿ ಕೊರೆಸಿ ಹಾಕಿಸುವವರಿದ್ದಾರೆ. ಸ್ಟಡ್ ತೂತಿಗೂ ನಡುವಿನ ತೂತಿಗೂ ನಡುವೆ ಉಳಿಯುವ ಲೋಹವೇ ಎರಡು ಟನ್ ದಾಟಿದ ಗಾಡಿಯ ಭಾರ ಹೊರಬೇಕು, ಅದನ್ನು ತೆಳ್ಳಗೆ ಮಾಡುವ ಕೆಲಸ ಬೇಡ. ಬೋರ್ 106.1ಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ದಾರಿ ಇದೆ. ಸಂದು ತುಂಬುವ ಸರಿಯಾದ ಅಳತೆಯ ಬಳೆ, ಅಂದರೆ ಹಬ್ ರಿಂಗ್ ಹಾಕಬೇಕು. ರಿಂಗ್ ಇಲ್ಲದೆ ಹಾಕಿದರೆ ವೀಲ್ ನಟ್ಟಿನ ಆಸರೆಯಲ್ಲಷ್ಟೇ ನಡುವಿಗೆ ಬರುತ್ತದೆ. ಕೂದಲೆಳೆಯಷ್ಟು ಸರಿದರೂ 80ರಿಂದ 100ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ಅದು ಹೋಗದು, ಏಕೆಂದರೆ ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಅದೇ ವೀಲ್ ನೆಟ್ಟಗೇ ಸುತ್ತುತ್ತಿರುತ್ತದೆ.

ಇನ್ನು ಆಫ್‌ಸೆಟ್. ವೀಲಿನ ಹಿಂಬದಿ 'ಇಟಿ' ಎಂದು ಅಚ್ಚೊತ್ತಿರುವ ಸಂಖ್ಯೆ ಇದೇ. ಹಬ್ಬಿಗೆ ತಾಗುವ ಮುಖವು ವೀಲಿನ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂದು ಅದು ಹೇಳುತ್ತದೆ. ಫಾರ್ಚುನರ್‌ನ ಕಂಪನಿ ವೀಲ್ 7.5 ಇಂಚು ಅಗಲ, ಇಟಿ 30. ಲೆಕ್ಕ ಕಷ್ಟದ್ದಲ್ಲ. ಅಗಲವನ್ನು 25.4ರಿಂದ ಗುಣಿಸಿ ಅರ್ಧ ಮಾಡಿ. ಅದಕ್ಕೆ ಇಟಿ ಕೂಡಿಸಿದರೆ ಒಳಬದಿಯ ಅಂಚು, ಕಳೆದರೆ ಹೊರಬದಿಯ ಅಂಚು ಹಬ್ಬಿನಿಂದ ಎಷ್ಟು ದೂರ ಎಂದು ಸಿಗುತ್ತದೆ. ಕಂಪನಿ ವೀಲಿಗೆ ಒಳಗೆ 125.25, ಹೊರಗೆ 65.25 ಮಿ.ಮೀ. ಅಂಗಡಿಯವರು ಇಷ್ಟಪಟ್ಟು ತೋರಿಸುವ 8.5 ಇಂಚು, ಇಟಿ 10ರ ವೀಲಿಗೆ ಒಳಗೆ 117.95, ಹೊರಗೆ 97.95. ಅಂದರೆ ಟಯರ್ ಸುಮಾರು 33 ಮಿ.ಮೀ. ಹೊರಗೆ ಚಾಚುತ್ತದೆ. ನೋಡಲು ಗತ್ತು. ಆದರೆ ಆ ಸನ್ನೆಯ ಭಾರ ಬೀಳುವುದು ಹಬ್ ಬೇರಿಂಗ್ ಮೇಲೆ. ಸ್ಟೀರಿಂಗ್ ತಿರುಗಿಸಿದಾಗ ಟಯರ್ ದೊಡ್ಡ ವೃತ್ತದಲ್ಲಿ ಬಂದು ಬಂಪರ್ ಲೈನರ್‌ಗೆ ಉಜ್ಜುತ್ತದೆ, ಮಳೆಗಾಲದಲ್ಲಿ ಕೆಸರೆಲ್ಲ ಬಾಗಿಲಿಗೆ. ತದ್ವಿರುದ್ಧವಾಗಿ ಎಂಡೆವರ್‌ನ 8 ಇಂಚು, ಇಟಿ 55ರ ವೀಲ್ ಲೆಕ್ಕ ಹಾಕಿ: ಒಳಗೆ 156.6. ಬೋರ್ ಅಡ್ಡಿ ಇಲ್ಲದಿದ್ದರೂ 31 ಮಿ.ಮೀ. ಒಳನುಗ್ಗಿ ಸಸ್ಪೆನ್ಷನ್ ಆರ್ಮ್‌ಗೆ ತಾಗಲು ಹೊರಡುತ್ತದೆ. ಇಟಿ 20ರಿಂದ 30ರೊಳಗೆ, ಅಗಲ 8 ಇಂಚಿನೊಳಗೆ ಇದ್ದರೆ ತಂಟೆ ಕಡಿಮೆ. ಹೆಚ್ಚಿದ ಆಫ್‌ಸೆಟ್ ಸರಿದೂಗಿಸಲು ಹಬ್ಬಿಗೂ ವೀಲಿಗೂ ನಡುವೆ ಸ್ಪೇಸರ್ ಬಿಲ್ಲೆ ಹಾಕುವ ಬದಲು ಬೇರೆ ವೀಲ್ ಹುಡುಕುವುದೇ ವಾಸಿ.

ಕೈಯಲ್ಲಿರುವ ವೀಲಿನ ಪಿಸಿಡಿ ಗೊತ್ತಿಲ್ಲದಿದ್ದರೆ ಟೇಪು ಸಾಕು. ಆರು ತೂತಿದ್ದರೆ ಎದುರುಬದುರಿನ ಎರಡು ತೂತುಗಳನ್ನು ನಡುವಿನಿಂದ ನಡುವಿಗೆ ಅಳೆಯಿರಿ. ಐದು ತೂತಿದ್ದರೆ ಪಕ್ಕಪಕ್ಕದ ಎರಡನ್ನು ಹಾಗೆಯೇ ಅಳೆದು 1.701ರಿಂದ ಗುಣಿಸಿ. ಟೇಪಿನಲ್ಲಿ 88.2 ಮಿ.ಮೀ. ಬಂದರೆ ಅದು 5×150, ಲ್ಯಾಂಡ್ ಕ್ರೂಸರ್ 200ರದು. ಇನ್ನೋವಾ ಕ್ರಿಸ್ಟಾ ಇದೇ ಮನೆತನದ್ದಾದರೂ ಅದರ ವೀಲ್ 5×114.3, ಫಾರ್ಚುನರ್‌ಗೆ ಕೂರದು.

ನಟ್ಟನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ, ಕೈಕೊಡುವುದು ಅದೇ. ಫಾರ್ಚುನರ್ ಸ್ಟಡ್ ಎಂ12×1.5 (12 ಮಿ.ಮೀ. ದಪ್ಪ, ಥ್ರೆಡ್‌ನ ಅಂತರ 1.5 ಮಿ.ಮೀ.), ಲ್ಯಾಂಡ್ ಕ್ರೂಸರ್ 200, 300ರದು ಎಂ14×1.5. ಟೊಯೋಟಾದ ಹಲವು ಅಲಾಯ್‌ಗಳಿಗೆ ಬರುವುದು ಚಪ್ಪಟೆ ವಾಷರ್ ಇರುವ ನಟ್ಟು, ಹೊರಗಿನ ಅಲಾಯ್‌ಗಳಿಗೆ ಸಾಮಾನ್ಯವಾಗಿ ಬೇಕಾದದ್ದು 60 ಡಿಗ್ರಿ ಕೋನದ ನಟ್ಟು. ಕೋನದ ತೂತಿನಲ್ಲಿ ಚಪ್ಪಟೆ ನಟ್ಟು ಬಿಗಿದರೆ ಅಂಚಿನ ಮೇಲಷ್ಟೇ ನಿಂತಿರುತ್ತದೆ, ಓಡಾಡುತ್ತ ಸಡಿಲವಾಗುತ್ತದೆ. ಕೈಯಲ್ಲಿ ತಿರುಗಿಸಿದಾಗ ಕನಿಷ್ಠ ಎಂಟು ಸುತ್ತು ಹೋಗಬೇಕು. 1.5 ಮಿ.ಮೀ. ಥ್ರೆಡ್‌ಗೆ ಎಂಟು ಸುತ್ತೆಂದರೆ 12 ಮಿ.ಮೀ. ಹಿಡಿತ. ಬಿಗಿಯುವ ಟಾರ್ಕ್ ಸ್ಟೀಲ್ ವೀಲಿಗೂ ಅಲಾಯ್‌ಗೂ ಬೇರೆಯಿರುತ್ತದೆ, ಮ್ಯಾನ್ಯುಯಲ್ ನೋಡಿ. 80-100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಸಿ.

ಟಯರ್ ವಿಷಯ ಚಿಕ್ಕದು. 265/65 ಆರ್17ರ ವ್ಯಾಸ 776 ಮಿ.ಮೀ., 265/60 ಆರ್18ರದು 775. ಎರಡೂ ಕಂಪನಿ ಅಳತೆಗಳೇ, ನಾಲ್ಕೂ ಬದಲಿಸುವುದಾದರೆ ಯಾವುದಕ್ಕೂ ಹೋಗಬಹುದು. 265/70 ಆರ್17 ಹಾಕಿದರೆ 803, ಶೇ. 3.4 ಹೆಚ್ಚು. ನೆಲದಿಂದ 13 ಮಿ.ಮೀ. ಏರುತ್ತದೆ, ಮೀಟರ್ ಮೊದಲಿಗಿಂತ ಶೇ. 3ರಷ್ಟು ಕಡಿಮೆ ತೋರಿಸುತ್ತದೆ. ಅದಕ್ಕಿಂತ ಮೇಲೆ ಹೋದರೆ ಗೇರಿಂಗ್, ಬ್ರೇಕ್ ಎರಡೂ ಮಂಕಾಗುತ್ತವೆ. ಲೋಡ್ ಇಂಡೆಕ್ಸ್ ಕಂಪನಿ ಟಯರಿಗಿಂತ ಕೆಳಗಿಳಿಯಬಾರದು: 112 ಅಂದರೆ ಒಂದು ಟಯರ್ 1120 ಕೆ.ಜಿ. ಹೊರುತ್ತದೆ, 110 ಅಂದರೆ 1060. ಸ್ಟೆಪ್ನಿಯೂ ಅದೇ ವ್ಯಾಸದ್ದಿರಲಿ. ಫೋರ್ ವೀಲ್‌ಗೆ ಹಾಕಿದಾಗ ಒಂದು ಚಕ್ರ ಚಿಕ್ಕದಾಗಿದ್ದರೆ ಡ್ರೈವ್‌ಲೈನ್ ಹಿಡಿದುಕೊಳ್ಳುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಯಲ್ಲಿ ಹಳೆ ವೀಲ್ ಕೊಳ್ಳುವವರು ಹಿಂಬದಿ ಒರೆಸಿ ನೋಡಿ. ಜೆಡಬ್ಲ್ಯುಎಲ್ ಮುದ್ರೆ (ಜಪಾನಿನ ಅಲಾಯ್ ವೀಲ್ ಗುಣಮಟ್ಟದ ಗುರುತು), ಗರಿಷ್ಠ ಭಾರದ ಸಂಖ್ಯೆ, ಇಟಿ ಕಾಣಬೇಕು. ಅಂಚಿನಲ್ಲಿ ವೆಲ್ಡಿಂಗ್ ಗುರುತಿದ್ದರೆ ಬಿಟ್ಟುಬಿಡಿ. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಒಮ್ಮೆ ಸುತ್ತಿಸಿಯೇ ದುಡ್ಡು ಕೊಡಿ. ಟಯರ್ ಏರಿಸುವ ಮೊದಲು ಮುಂದಿನ ಬ್ರೇಕ್ ಕ್ಯಾಲಿಪರ್ ಮೇಲೆ ಜೇಡಿಮಣ್ಣಿನ ಉಂಡೆ ಮೆತ್ತಿ, ಬರಿ ವೀಲ್ ಕೂರಿಸಿ ಕೈಯಲ್ಲೇ ತಿರುಗಿಸಿ. ತೆಗೆದಾಗ ಮಣ್ಣು 3 ಮಿ.ಮೀ.ಗಿಂತ ತೆಳುವಾಗಿದ್ದರೆ ಆ ವೀಲ್ ಬೇಡ. ಒಳಗೆ ಅಂಟಿಸುವ ಬ್ಯಾಲೆನ್ಸಿಂಗ್ ಸೀಸಕ್ಕೂ ಜಾಗ ಬೇಕು ಎನ್ನುವುದು ಆಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಸಸ್ಪೆನ್ಷನ್‌ಗೆ ಬಂದರೆ ಟೇಪಿಗಿಂತ ಚಾಸಿಸ್ ನಂಬರ್ ಮುಖ್ಯ. ಬಿಡದಿಯಲ್ಲಿ ತಯಾರಾದ ಗಾಡಿಯ ನಂಬರ್ ಎಂಬಿಜೆ ಎಂದು ಶುರುವಾಗುತ್ತದೆ. ಆ ನಂಬರ್ ಕೊಟ್ಟೇ ಪಾರ್ಟ್ ನಂಬರ್ ತೆಗೆಸಿ. ಟೊಯೋಟಾ ಪಾರ್ಟ್ ನಂಬರ್‌ನ ಮೊದಲ ಐದಂಕಿ ಅದು ಯಾವ ಭಾಗ ಎಂದು ಹೇಳುತ್ತದೆ: 48131 ಮುಂದಿನ ಕಾಯಿಲ್ ಸ್ಪ್ರಿಂಗ್, 48231 ಹಿಂದಿನದು, 48510 ಮುಂದಿನ ಶಾಕ್, 48610 ಮೇಲಿನ ಕಂಟ್ರೋಲ್ ಆರ್ಮ್. ಮೊದಲ ಐದು ಒಂದೇ ಇದ್ದರೆ ಸಾಲದು. ಗಾಡಿ, ಎಂಜಿನ್, ಡ್ರೈವ್ ಯಾವುದು ಎಂಬುದು ಅಡಗಿರುವುದು ಮುಂದಿನ ಐದು ಅಕ್ಷರಗಳಲ್ಲಿ. 2.8 ಡೀಸೆಲ್ ಎಂಜಿನ್ 2.7 ಪೆಟ್ರೋಲ್‌ಗಿಂತ ಭಾರ, ಆದ್ದರಿಂದ ಮುಂದಿನ ಸ್ಪ್ರಿಂಗ್ ಅದಲುಬದಲು ಮಾಡಿದರೆ ಮೂಗು ತಗ್ಗುತ್ತದೆ ಇಲ್ಲವೇ ಮೇಲೇಳುತ್ತದೆ. ಹೈಲಕ್ಸ್‌ನ ಹಿಂದೆ ಪಟ್ಟಿ ಸ್ಪ್ರಿಂಗ್, ಫಾರ್ಚುನರ್‌ನ ಹಿಂದೆ ನಾಲ್ಕು ಲಿಂಕ್ ಮತ್ತು ಕಾಯಿಲ್. ಹೈಲಕ್ಸ್‌ಗೆಂದು ಬಂದ ಕಿಟ್‌ನ ಹಿಂಭಾಗ ಇಲ್ಲಿ ಬರುವುದೇ ಇಲ್ಲ.

ದುಬೈ, ಮಸ್ಕತ್‌ನಿಂದ ನೆಂಟರ ಕೈಲಿ ಕಿಟ್ ತರಿಸುವವರಿಗೆ ಒಂದು ಮಾತು. ಅಲ್ಲಿಯ ಗಾಡಿಗಳು ಎಡಗಡೆ ಸ್ಟೀರಿಂಗ್, ಹೆಚ್ಚಾಗಿ ಪೆಟ್ರೋಲ್. ಕೆಲವು ತಯಾರಕರು ಗಾಡಿ ಒಂದು ಕಡೆ ವಾಲದಿರಲೆಂದು ಚಾಲಕನ ಬದಿಯ ಸ್ಪ್ರಿಂಗನ್ನು ಸ್ವಲ್ಪ ಉದ್ದ ಕೊಡುತ್ತಾರೆ. ಆ ಜೋಡಿಯನ್ನು ಡಬ್ಬದ ಮೇಲಿನ ಎಡ-ಬಲದಂತೆ ಇಲ್ಲಿ ಹಾಕಿದರೆ ವಾಲುವಿಕೆ ಇಮ್ಮಡಿಯಾಗುತ್ತದೆ.

ಎತ್ತರಿಸುವುದಾದರೆ 50 ಮಿ.ಮೀ.ಗೆ ನಿಲ್ಲಿಸಿ. ಮುಂದೆ ಶಾಕ್ ತಲೆಯ ಮೇಲೆ 25 ಮಿ.ಮೀ. ಸ್ಪೇಸರ್ ಇಟ್ಟರೆ ಚಕ್ರದಲ್ಲಿ 25 ಅಲ್ಲ, ಹೆಚ್ಚುಕಡಿಮೆ 45-50 ಸಿಗುತ್ತದೆ. ಶಾಕ್ ಕಂಟ್ರೋಲ್ ಆರ್ಮ್‌ನ ನಡುವೆ ನಿಂತಿರುವುದರಿಂದ ಹಾಗೆ. ಇದು ಗೊತ್ತಿಲ್ಲದೆ 50ರ ಸ್ಪೇಸರ್ ಕೊಂಡವರ ಗಾಡಿಯಲ್ಲಿ ಸಿವಿ ಜಾಯಿಂಟ್‌ನ (ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಕೀಲು) ರಬ್ಬರ್ ಬೂಟು ಹರಿಯುತ್ತದೆ, ಚಕ್ರ ಇಳಿಬಿದ್ದಾಗ ಮೇಲಿನ ಆರ್ಮ್ ಸ್ಪ್ರಿಂಗ್‌ಗೆ ಬಡಿಯುತ್ತದೆ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದುಮುಂದಿನ ಓರೆ) ಅಲೈನ್‌ಮೆಂಟ್ ಮಿತಿಯೊಳಗೆ ಬರುವುದಿಲ್ಲ. ಹಿಂದೆ ಎತ್ತರಿಸಿದರೆ ಆಕ್ಸಲನ್ನು ಅಡ್ಡಕ್ಕೆ ಹಿಡಿದಿಡುವ ಲ್ಯಾಟರಲ್ ರಾಡ್ ಆಕ್ಸಲ್ ಹೌಸಿಂಗನ್ನು ಒಂದು ಬದಿಗೆ ಎಳೆಯುತ್ತದೆ. ಎಡಬಲ ಟಯರ್‌ಗಳು ಬಾಡಿಯಿಂದ ಎಷ್ಟು ಹೊರಗಿವೆ ಎಂದು ಅಳೆದು ನೋಡಿ, ವ್ಯತ್ಯಾಸ ಕಣ್ಣಿಗೆ ಕಂಡರೆ ಅಡ್ಜಸ್ಟಬಲ್ ರಾಡ್ ಬೇಕು. ಬ್ರೇಕ್ ಹೋಸ್, ಎಬಿಎಸ್ ವೈರು ಪೂರ್ತಿ ಇಳಿಬಿಟ್ಟಾಗ ಬಿಗಿಯಾಗಬಾರದು.

ಸ್ಪ್ರಿಂಗ್‌ನ ಭಾರ ಆರಿಸುವಾಗ ಆಸೆ ಬೇಡ. ವರ್ಷಕ್ಕೆರಡು ಸಲ ಲಗೇಜ್ ಹೇರಿ ಚಿಕ್ಕಮಗಳೂರಿಗೆ ಹೋಗುವ ಗಾಡಿಗೆ ಸದಾ 200 ಕೆ.ಜಿ. ಹೊರುವ ಸ್ಪ್ರಿಂಗ್ ಹಾಕಿದರೆ ಉಳಿದ ದಿನವೆಲ್ಲ ಎತ್ತಿನ ಗಾಡಿ. ಮುಂದಿನ ಬಂಪರಿಗೆ ಕಟ್ಟುವ ಬುಲ್ ಬಾರ್ ಭಾರವನ್ನು ಲೆಕ್ಕಕ್ಕೆ ಹಿಡಿಯುವುದೇ ಬೇಡ, 2017ರಿಂದ ಅದರ ಮೇಲೆ ಕ್ರಮ ಕೈಗೊಳ್ಳಲು ಕೇಂದ್ರವೇ ಹೇಳಿದೆ. ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಎತ್ತರಿಸುವಿಕೆಗೂ ತಗಲಬಹುದು, ವಿಮೆಯವರನ್ನು ಮೊದಲೇ ಕೇಳಿ.

ಶಾಕ್ ಕೊಳ್ಳುವಾಗ ಎರಡು ಉದ್ದ ಕೇಳಿ, ಪೂರ್ತಿ ಚಾಚಿದ್ದು ಮತ್ತು ಪೂರ್ತಿ ಮುಚ್ಚಿದ್ದು. ಮುಚ್ಚಿದ ಉದ್ದ ಬಂಪ್ ಸ್ಟಾಪ್ (ಕೊನೆಯ ಪೆಟ್ಟು ತಡೆಯುವ ರಬ್ಬರ್) ತಾಗುವ ಜಾಗಕ್ಕಿಂತ ಹೆಚ್ಚಿದ್ದರೆ ಗುಂಡಿಯಲ್ಲಿ ಬಿದ್ದಾಗ ಪೆಟ್ಟು ರಬ್ಬರಿಗೆ ಬೀಳದೆ ಶಾಕಿಗೇ ಬೀಳುತ್ತದೆ. ರಾಡು ಬಾಗುತ್ತದೆ, ಎಣ್ಣೆ ಸೋರುತ್ತದೆ. ಜೋಡಿಯಾಗಿಯೇ ಬದಲಿಸಿ. ಮುಂದಿನ ಸ್ಪ್ರಿಂಗ್ ಬಿಚ್ಚುವುದು ಕಂಪ್ರೆಸರ್ ಇರುವ ಗ್ಯಾರೇಜಿನ ಕೆಲಸ, ಮನೆಯಂಗಳದ್ದಲ್ಲ.

ಆರ್ಮ್ ಬೋಲ್ಟ್‌ಗಳನ್ನು ಗಾಡಿ ಲಿಫ್ಟ್ ಮೇಲೆ ತೂಗಾಡುತ್ತಿರುವಾಗ ಕೊನೆಯ ಬಿಗಿ ಬಿಗಿಯಬೇಡಿ. ಚಕ್ರ ನೆಲಕ್ಕೆ ಊರಿದಾಗ ಬುಷ್‌ನ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಗಾಡಿ ತನ್ನ ಭಾರದಲ್ಲಿ ನಿಂತ ಮೇಲೆ ಬಿಗಿಸಿ, ಆಮೇಲೆ ಅಲೈನ್‌ಮೆಂಟ್. ಸ್ಪ್ರಿಂಗ್ ಸ್ವಲ್ಪ ಕೂರುವುದರಿಂದ ಸಾವಿರ ಕಿ.ಮೀ. ಆದಮೇಲೆ ಮತ್ತೊಮ್ಮೆ ಅಲೈನ್‌ಮೆಂಟ್ ನೋಡಿಸಿ.

ಹಳೆಯದನ್ನು ಬಿಚ್ಚುವ ಮೊದಲೇ ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳೆದು ಬರೆದಿಟ್ಟುಕೊಂಡಿರಿ, ಟಯರ್ ಬದಲಾದರೂ ಈ ಅಳತೆ ಕೆಡದು. ಕೆಲಸ ಮುಗಿದ ಮೇಲೆ ಎಡಬಲಕ್ಕೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸ್ಪ್ರಿಂಗ್ ಅದಲುಬದಲಾಗಿರಬೇಕು, ಇಲ್ಲವೇ ಅದರ ತುದಿ ಸ್ಪ್ರಿಂಗ್ ಕೂರುವ ಸೀಟಿನ ಮೆಟ್ಟಿಲಿನಲ್ಲಿ ಕೂತಿರಲಿಕ್ಕಿಲ್ಲ. ಗಾಡಿ ಗ್ಯಾರೇಜಿನಿಂದ ಹೊರಡುವ ಮೊದಲೇ ಬಿಚ್ಚಿಸಿ ನೋಡಿಸಿ.