ಆರು ಜನರ ಮೂವತ್ತು ಚೌಕ

ನಮ್ಮ ಮನೆ ಬೀರುವಿನ ಕೆಳಗಿನ ಅರೆಯಲ್ಲಿ ಬ್ಲೌಸ್ ಪೀಸುಗಳ ಒಂದು ದೊಡ್ಡ ಗಂಟು ಇತ್ತು. ಬಾಗಿನ, ವರಮಹಾಲಕ್ಷ್ಮಿಯ ಅರಿಶಿನ ಕುಂಕುಮ, ಸೀಮಂತ, ಗೃಹಪ್ರವೇಶ ಅಂತ ಹೋದ ಕಡೆಯೆಲ್ಲ ಒಂದೊಂದು ಕೊಡುತ್ತಾರಲ್ಲ, ಅವು. 2022ರ ಗೌರಿ ಹಬ್ಬ ಮುಗಿದ ಮೇಲೆ ಬಿಚ್ಚಿ ಎಣಿಸಿದೆ. 43 ಇದ್ದವು.

ಪಕ್ಕದ ಬೀದಿಯ ಗದಗಿನ ಅಕ್ಕ ಅವತ್ತು ಮನೆಗೆ ಬಂದಿದ್ದರು. ಯಜಮಾನರಿಗೆ ವರ್ಗವಾಗಿ ಹಾಸನಕ್ಕೆ ಬಂದವರು. ಗಂಟು ನೋಡಿದ್ದೇ, "ಇಷ್ಟ್ ಅರಿವಿ ಇಟ್ಕೊಂಡು ಸುಮ್ನ ಕುಂತೀರಲ್ರೀ, ಒಂದ್ ಕೌದಿ ಹೊಲೀರಿ" ಎಂದರು.

ನಮ್ಮಜ್ಜಿ ಹಳೇ ಸೀರೆ ಮಡಿಸಿ ಬೊಂತೆ ಹೊಲಿಯುತ್ತಿದ್ದರು. ಅದು ಇಡೀ ಸೀರೆಯದು. ಅಕ್ಕನ ಮನೆಯ ಕೌದಿ ಹಾಗಲ್ಲ, ತುಂಡು ಬಟ್ಟೆ ಜೋಡಿಸಿ ಹೊಲಿದ ಹೊದಿಕೆ. ಅದರಲ್ಲಿ ಇಳಕಲ್ ಸೀರೆಯ ಸೆರಗಿನ ತುಂಡಿದೆ, ಅವರ ಮಗ ಒಂದನೇ ಕ್ಲಾಸಿಗೆ ಹೋಗುವಾಗ ಹಾಕಿದ ಅಂಗಿಯಿದೆ, ಅವರ ಅಪ್ಪನ ಧೋತರವಿದೆ. ಒಂದೊಂದು ತುಂಡು ಮುಟ್ಟಿ ಇದು ಯಾರದು ಅಂತ ಹೇಳುತ್ತಾರೆ. ನನಗೆ ಆಸೆ ಹುಟ್ಟಿದ್ದು ಅಲ್ಲಿ. ನಮ್ಮ ಕೌದಿಯಲ್ಲೂ ಜನ ಇರಬೇಕು ಅನ್ನಿಸಿತು.

ಕೌದಿಯ ಚೌಕಗಳನ್ನು ಬೇರೆ ಬೇರೆಯವರು ಹೊಲಿದು ಬದಲಾಯಿಸಿಕೊಳ್ಳುವ ಯೋಚನೆ ಕೊಟ್ಟಿದ್ದು ನಮ್ಮ ಬೀದಿಯಲ್ಲೇ ಇರುವ, ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ. ಹೊರದೇಶದ ಹೆಂಗಸರು ಚೌಕ ಹೊಲಿದು ಒಬ್ಬರಿಗೊಬ್ಬರು ಕಳಿಸಿಕೊಳ್ಳುವ ವಿಡಿಯೋ ತೋರಿಸಿದಳು. ಇದು ಹೊಸದೇನಲ್ಲವಂತೆ. ಅಮೆರಿಕದಲ್ಲಿ 1840ರ ಸುಮಾರಿಗೇ ಊರು ಬಿಟ್ಟು ದೂರ ಹೋಗುವ ಗೆಳತಿಗೆ ಒಬ್ಬೊಬ್ಬರೂ ಒಂದೊಂದು ಚೌಕ ಹೊಲಿದು, ಅದರ ಮೇಲೆ ತಮ್ಮ ಹೆಸರು ಬರೆದು, ಎಲ್ಲ ಸೇರಿಸಿ ಹೊದಿಕೆ ಮಾಡಿ ಕೊಡುತ್ತಿದ್ದರು.

ಆರು ಜನ ಸೇರಿದೆವು. ನಾನು, ಗದಗಿನ ಅಕ್ಕ, ಗಾರ್ಮೆಂಟ್ಸ್ ಹುಡುಗಿ, ಬೇಲೂರಿನ ಟೀಚರ್, ಸಕಲೇಶಪುರದ ತೋಟದಲ್ಲಿರುವ ನನ್ನ ಕಾಲೇಜು ಗೆಳತಿ, ಅರಸೀಕೆರೆಯ ಅಮ್ಮ. ಅಮ್ಮನಿಗೆ ಆಗ 71 ವರ್ಷ. ಹೆತ್ತಮ್ಮ ಅಲ್ಲ, ನನಗೆ ಲಂಗ ಹೊಲಿಯುವುದನ್ನು ಕಲಿಸಿದವರು.

ಲೆಕ್ಕ ಹೀಗೆ. ತಿಂಗಳಿಗೊಂದು ನಮೂನೆ. ಒಬ್ಬೊಬ್ಬರೂ ಆರು ಚೌಕ ಹೊಲಿಯಬೇಕು, ಒಂದು ತಾವಿಟ್ಟುಕೊಂಡು ಐದು ಹಂಚಬೇಕು. ಐದು ತಿಂಗಳಿಗೆ ಎಲ್ಲರ ಹತ್ತಿರವೂ 30 ಚೌಕ. ಅಡ್ಡಕ್ಕೆ ಐದು, ಉದ್ದಕ್ಕೆ ಆರು ಜೋಡಿಸಿದರೆ ಐದಡಿ ಅಗಲ, ಆರಡಿ ಉದ್ದದ ಕೌದಿ. ಬಟ್ಟೆ, ಬಣ್ಣ ಅವರವರ ಇಷ್ಟ. ಅಳತೆ ಮಾತ್ರ ಎಲ್ಲರದೂ ಒಂದೇ: 12½ ಇಂಚು. ಪ್ರತಿ ಅಂಚಿನಲ್ಲೂ ಕಾಲು ಇಂಚು ಹೊಲಿಗೆಗೆ ಹೋಗಿ, ಜೋಡಿಸಿದ ಮೇಲೆ ಅದು 12 ಆಗುತ್ತದೆ.

ಮೊದಲ ತಿಂಗಳು ಸುಲಭದ್ದನ್ನೇ ಆರಿಸಿದೆವು. ಮೂರು ಸಾಲು, ಸಾಲಿಗೆ ಮೂರು ಮನೆ, ಒಟ್ಟು ಒಂಬತ್ತು. ಐದು ಬಣ್ಣದ್ದು, ನಾಲ್ಕು ಬಿಳಿ. ಒಂದೊಂದು ಮನೆಗೆ 4½ ಇಂಚಿನ ತುಂಡು ಕತ್ತರಿಸಬೇಕು. ಆರು ಚೌಕಕ್ಕೆ ಬಣ್ಣದ ತುಂಡು 30, ಬಿಳಿ 24. ಹೊಸದಾಗಿ ಬಟ್ಟೆ ತರುವುದಾದರೆ 44 ಇಂಚು ಪನ್ನದ್ದರಲ್ಲಿ ಬಣ್ಣದ್ದು ಅರ್ಧ ಮೀಟರ್, ಬಿಳಿಯದು ಅದಕ್ಕಿಂತ ಸ್ವಲ್ಪ ಕಡಿಮೆ ಸಾಕು. ಬ್ಲೌಸ್ ಪೀಸಾದರೆ ಒಂದರಲ್ಲೇ ಬಣ್ಣದ್ದು ಮುಗಿಯುತ್ತದೆ. ಆದರೆ ಎಲ್ಲ ಪೀಸೂ ಕಾಟನ್ ಅಲ್ಲ. ಅಂಚಿಂದ ಒಂದೆಳೆ ಎಳೆದು ಕಡ್ಡಿ ಗೀರಿ ಸುಟ್ಟು ನೋಡಿದೆ. ಕಾಟನ್ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನನ್ನ 43ರಲ್ಲಿ ಕಾಟನ್ ಇದ್ದದ್ದು 19. ಉಳಿದದ್ದನ್ನು ತೆಗೆದಿಟ್ಟೆ.

ಸೆಪ್ಟೆಂಬರ್‌ನ ಮೂರನೇ ಭಾನುವಾರ ಎಲ್ಲರೂ ಸಾಲಗಾಮೆ ರಸ್ತೆಯ ನಮ್ಮ ಮನೆಗೆ ಬಂದರು. ಉಪ್ಪಿಟ್ಟು ತಿಂದು, ಚೌಕಗಳನ್ನು ಚಾಪೆ ಮೇಲೆ ಹರಡಿ, ಟೇಪು ಹಿಡಿದೆವು. ಒಬ್ಬರದು 12, ಒಬ್ಬರದು 12¾, ಒಬ್ಬರದು ಒಂದು ಕಡೆ ಹನ್ನೆರಡೂವರೆ, ಇನ್ನೊಂದು ಕಡೆ ಹನ್ನೆರಡೂಕಾಲು. ಎಲ್ಲರೂ ಕಾಲು ಇಂಚು ಬಿಟ್ಟೇ ಹೊಲಿದಿದ್ದೇವೆ ಅನ್ನುತ್ತಿದ್ದರು. ಎಲ್ಲರೂ ನಿಜವನ್ನೇ ಹೇಳುತ್ತಿದ್ದರು. ಒಬ್ಬೊಬ್ಬರ ಮಷಿನ್‌ನ ಕಾಲು ಇಂಚು ಒಂದೊಂದು ಥರ!

ಬ್ಲೌಸ್ ಹೊಲಿಯುವಾಗ ಎಳೆ ಅಷ್ಟು ವ್ಯತ್ಯಾಸ ಬಂದರೆ ಗೊತ್ತಾಗುವುದಿಲ್ಲ. ಇಲ್ಲಿ ಒಂದು ಸಾಲಿಗೆ ಎರಡು ಜೋಡಣೆ, ಜೋಡಣೆಗೆ ಎರಡು ಅಂಚು. ಸಣ್ಣ ತಪ್ಪು ನಾಲ್ಕು ಪಟ್ಟಾಗುತ್ತದೆ. ಇದಕ್ಕೆ ನಾವು ಕಂಡುಕೊಂಡ ದಾರಿ ಇದು. ಸೂಜಿಯನ್ನು ಕೈಯಲ್ಲೇ ಚಕ್ರ ತಿರುಗಿಸಿ ಕೆಳಗಿಳಿಸಿ, ಅಲ್ಲಿಂದ ಬಲಕ್ಕೆ ಸರಿಯಾಗಿ ಕಾಲು ಇಂಚು ಅಳೆದು, ಮಷಿನ್ ತಟ್ಟೆಯ ಮೇಲೆ ಗಾಯಕ್ಕೆ ಹಾಕುವ ಬಿಳಿ ಟೇಪನ್ನು ಎರಡು ಮೂರು ಪದರ ಅಂಟಿಸಬೇಕು. ಬಟ್ಟೆಯ ಅಂಚು ಆ ಟೇಪಿಗೆ ಒರಗಿಕೊಂಡು ಹೋಗುತ್ತದೆ. ಆಮೇಲೆ ಪರೀಕ್ಷೆ. 1½ ಇಂಚು ಅಗಲದ ಮೂರು ಪಟ್ಟಿ ಜೋಡಿಸಿ ಇಸ್ತ್ರಿ ಮಾಡಿ ಅಳೆಯಿರಿ. ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು ಬರಬೇಕು. ಬರದಿದ್ದರೆ ಟೇಪು ಸರಿಸಿ ಮತ್ತೆ ಹೊಲಿಯಿರಿ. ನನಗೆ ನಾಲ್ಕನೇ ಸಲಕ್ಕೆ ಸರಿಹೋಯಿತು. ಗಾರ್ಮೆಂಟ್ಸ್ ಹುಡುಗಿ ಒಂದೇ ಸಲಕ್ಕೆ ಸರಿ ಮಾಡಿದಳು. ಅವಳ ಕಣ್ಣಲ್ಲೇ ಅಳತೆ ಇದೆ.

ನನ್ನ ಚೌಕಗಳಲ್ಲಿ ಇನ್ನೊಂದು ಎಡವಟ್ಟಾಗಿತ್ತು. ಅವಸರದಲ್ಲಿ ಮರೂನ್ ಬಟ್ಟೆ ನೆನೆಸದೆ ಹೊಲಿದಿದ್ದೆ. ಸಕಲೇಶಪುರದ ಗೆಳತಿ ಮನೆಗೆ ಹೋಗಿ ನೀರು ಚಿಮುಕಿಸಿ ಇಸ್ತ್ರಿ ಮಾಡಿದಳು. ಬಿಳಿ ಮನೆಗಳೆಲ್ಲ ಗುಲಾಬಿ ಆದವು. ಫೋಟೋ ಕಳಿಸಿ, "ಪರವಾಗಿಲ್ಲ ಕಣೇ, ಹೀಗೂ ಚೆನ್ನಾಗಿದೆ" ಅಂತ ಬರೆದಿದ್ದಳು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನವೇ ಐವರಿಗೂ ಫೋನ್ ಮಾಡಿ, ನನ್ನ ಚೌಕ ವಾಪಸ್ ಕೊಡಿ ಅಂದೆ, ಆರನ್ನೂ ಬೇರೆ ಬಟ್ಟೆಯಲ್ಲಿ ಹೊಸದಾಗಿ ಹೊಲಿದೆ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುತ್ತಾರೆ. ಆ ಮರೂನ್ ಬಟ್ಟೆಯನ್ನು ಮೂರು ಸಲ ನೆನೆಸಿದರೂ ಬಣ್ಣ ಬಿಡುತ್ತಲೇ ಇತ್ತು. ಅಲ್ಲಿಂದ ಈಚೆಗೆ ಯಾವುದೇ ಬಟ್ಟೆಯಾಗಲಿ, ಬಿಳಿ ಚಿಂದಿಯ ಜೊತೆ ಅರ್ಧ ಗಂಟೆ ನೀರಲ್ಲಿಡುತ್ತೇನೆ. ಚಿಂದಿಗೆ ಬಣ್ಣ ಹತ್ತಿದರೆ ಆ ಬಟ್ಟೆ ಬೇಡ. ನೆನೆಸಿದರೆ ಕಾಟನ್ ಕುಗ್ಗುವುದೂ ಮೊದಲೇ ಕುಗ್ಗಿರುತ್ತದೆ.

ಅಕ್ಟೋಬರ್‌ನಲ್ಲಿ ಹಾಸನಾಂಬೆಯ ಬಾಗಿಲು ತೆಗೆದಿತ್ತು. ವರ್ಷಕ್ಕೊಮ್ಮೆ ದರ್ಶನ ಅಲ್ವಾ, ಊರಲ್ಲಿ ಕಾಲಿಡಲು ಜಾಗವಿರಲಿಲ್ಲ. ಅದಕ್ಕೇ ಬೇಲೂರಿನ ಟೀಚರ್ ಮನೆಯಲ್ಲಿ ಸೇರಿದೆವು. ಊಟ ಆದ ಮೇಲೆ ಚೆನ್ನಕೇಶವನ ಗುಡಿಗೆ ಹೋದೆವು. ಬಂದವರೆಲ್ಲ ಮದನಿಕೆಯರನ್ನು ತಲೆಯೆತ್ತಿ ನೋಡುತ್ತಿದ್ದರೆ ನಾವು ಆರೂ ಜನ ಜಾಲಂಧ್ರಗಳ, ಅಂದರೆ ತೂತು ಕೊರೆದ ಕಲ್ಲಿನ ಕಿಟಕಿಗಳ, ಮುಂದೆ ನಿಂತಿದ್ದೆವು. ಕೆಲವು ಜಾಲಂಧ್ರಗಳಲ್ಲಿ ದೇವರ ಕಥೆ ಇದೆ, ಕೆಲವದರಲ್ಲಿ ಬರೀ ಗೆರೆ, ಚೌಕ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ. ಹೊರಗೆ ಗುಡಿ ನಿಂತ ಜಗಲಿಯ ಅಂಚೂ ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ಮಡಿಸಿಕೊಂಡು ಹೋಗುತ್ತದೆ. ಟೀಚರ್ ಅಲ್ಲೇ ಕೂತು ನೋಟ್ ಬುಕ್ಕಿನಲ್ಲಿ ಗೆರೆ ಎಳೆದರು. ನವೆಂಬರ್‌ನ ನಮೂನೆ ಅದೇ ಆಯಿತು, ಎಂಟು ಮೂಲೆಯ ನಕ್ಷತ್ರ. ತ್ರಿಕೋನದ ಅಂಚು ಓರೆ ಕತ್ತರಿಸಿದ್ದಾದ್ದರಿಂದ ಎಳೆದರೆ ಹಿಗ್ಗುತ್ತದೆ. ಎಳೆಯದೆ, ಇಸ್ತ್ರಿಯನ್ನು ತಳ್ಳದೆ, ಎತ್ತಿ ಎತ್ತಿ ಒತ್ತಬೇಕು. ಇದು ತಿಳಿಯುವ ಹೊತ್ತಿಗೆ ನನ್ನ ಎರಡು ನಕ್ಷತ್ರ ಸೊಟ್ಟಗಾಗಿದ್ದವು.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಿಲ್ಲಿಸಿದೆವು. ಸಕಲೇಶಪುರದಲ್ಲಿ ಕಾಫಿ ಕೊಯ್ಲು. ಗೆಳತಿಗೆ ಬೆಳಗಾದರೆ ಆಳುಗಳ ಲೆಕ್ಕ, ಸಂಜೆಯಾದರೆ ಹಣ್ಣಿನ ತೂಕ. ಅವಳನ್ನು ಬಿಟ್ಟು ಮುಂದುವರಿಸುವ ಮಾತೇ ಯಾರೂ ಎತ್ತಲಿಲ್ಲ. ಅವಳ ಚೌಕಗಳನ್ನು ಕಣ್ಣು ಮುಚ್ಚಿ ಹೇಳಬಹುದು. ಮಳೆ ದಿನ ಅವರಲ್ಲಿ ಬಿಸಿಲೇ ಇರುವುದಿಲ್ಲ, ನೆನೆಸಿದ ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಾಳೆ. ಸೆಪ್ಟೆಂಬರ್‌ನ ಅವಳ ಚೌಕ ಮೂಗಿಗೆ ಹಿಡಿದರೆ ಈಗಲೂ ಸಣ್ಣಗೆ ಸೌದೆ ಹೊಗೆಯ ವಾಸನೆ ಬರುತ್ತದೆ. ಕೌದಿ ಒಗೆದ ಮೇಲೆ ಹೋಗುತ್ತದಲ್ಲ ಅಂತ ನನಗೆ ಒಗೆಯಲು ಮನಸ್ಸೇ ಇಲ್ಲ.

ಮಾರ್ಚ್‌ನಲ್ಲಿ ಅರಸೀಕೆರೆಯ ಅಮ್ಮ ಬರಲಿಲ್ಲ. ಮಗನ ಕೈಯಲ್ಲಿ ಚೌಕ ಕಳಿಸಿದ್ದರು, ಜೊತೆಗೆ ಆರು ತೆಂಗಿನಕಾಯಿ. ಅವರು ಪ್ರತಿ ಚೌಕದ ಮೂಲೆಯಲ್ಲಿ ಸರಪಳಿ ಹೊಲಿಗೆಯಲ್ಲಿ ಹೆಸರಿನ ಮೊದಲ ಅಕ್ಷರ ಹಾಕುತ್ತಾರೆ. ಅವರನ್ನು ನೋಡಿಯೇ ನಾವೆಲ್ಲರೂ ಹಾಕಲು ಶುರುಮಾಡಿದ್ದು. ಈ ಸಲ ಆ ಅಕ್ಷರದ ಹೊಲಿಗೆ ಗೆರೆ ತಪ್ಪಿತ್ತು. ಟೇಪು ಹಿಡಿದೆ. 11¾. ಇನ್ನೊಂದು ಬದಿ ಅದಕ್ಕಿಂತ ಎಳೆ ಕಡಿಮೆ.

ಮಗನನ್ನು ಕೇಳಿದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಏಪ್ರಿಲ್‌ನಲ್ಲಿ ಆಪರೇಷನ್ ಅಂದ. ನಮಗ್ಯಾರಿಗೂ ಅವರು ಹೇಳಿರಲಿಲ್ಲ. ಸೂಜಿಗೆ ನೂಲನ್ನು ಮೊಮ್ಮಗಳು ಪೋಣಿಸಿಕೊಡುತ್ತಿದ್ದಳಂತೆ. ಆದರೂ ಆರು ಚೌಕ ಹೊಲಿದು ಮುಗಿಸಿದ್ದರು.

ಉಳಿದ ಐವರೂ ಅವತ್ತು ನಮ್ಮ ಮನೆಯಲ್ಲೇ ಇದ್ದೆವು. ಹುಡುಗಿ, "ಬಿಚ್ಚಿ ಸರಿಯಾಗಿ ಹೊಲಿದರೆ ಆಯ್ತು ಅಕ್ಕ, ಒಂದು ಗಂಟೆ ಕೆಲಸ, ನಾನೇ ಮಾಡ್ತೀನಿ" ಎಂದಳು. ಗದಗಿನ ಅಕ್ಕ ಚೌಕವನ್ನು ಮಡಿಲಲ್ಲಿ ಇಟ್ಟುಕೊಂಡರು. "ಬ್ಯಾಡವಾ. ಆಕಿ ಕೈ ಹೊಲಿಗಿ ಬಿಚ್ಚಬ್ಯಾಡ. ಸುತ್ತ ಒಂದ್ ಪಟ್ಟಿ ಕೊಡೋಣು."

ಹಾಗೇ ಮಾಡಿದೆವು. ಒಂದೂಕಾಲು ಇಂಚಿನ ನಾಲ್ಕು ಪಟ್ಟಿ ಸುತ್ತ ಕೂರಿಸಿ, ಆಮೇಲೆ ನಾಲ್ಕೂ ಕಡೆ ಕತ್ತರಿಸಿ 12½ಕ್ಕೆ ತಂದೆವು. ಸೊಟ್ಟ ಬದಿಯ ಕಡೆ ಪಟ್ಟಿ ಚೂರು ದಪ್ಪ ಕಾಣುತ್ತದೆ. ನಾನು ಹಾಕಿದ್ದು ಹಸಿರು ಪಟ್ಟಿ, ಅಮ್ಮನೇ ನನಗೆ ಕೊಟ್ಟಿದ್ದ ಬಾಗಿನದ ಬ್ಲೌಸ್ ಪೀಸಿನದು. ಅವರಿಗೆ ಹೇಳುವುದು ಬೇಡ ಅಂತ ಮಾತಾಡಿಕೊಂಡೆವು. ಕೊನೆಯ ತಿಂಗಳನ್ನು ಜೂನ್‌ಗೆ ಹಾಕಿದೆವು.

ಅಷ್ಟರಲ್ಲಿ ನಾನು ಕೌದಿಯ ಹಿಂಬದಿಗೆ ಬೇಕಾದ ಬಟ್ಟೆಯನ್ನು ಕಟ್ಟಿನಕೆರೆ ಮಾರ್ಕೆಟ್ ಕಡೆಯಿಂದ ತಂದೆ. ನಡುವೆ ಹಾಕಲು ಅಮ್ಮನ, ಅಂದರೆ ನನ್ನ ಹೆತ್ತಮ್ಮನ, ಎರಡು ಮೆತ್ತನೆ ಕಾಟನ್ ಸೀರೆ. ಮೂರೂ ಪದರಕ್ಕೆ ಮೊದಲು ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಅಂಚಿಂದ ಒಳಕ್ಕೆ ಸುತ್ತುತ್ತ ಕೈಯಲ್ಲಿ ಹೊಲಿಯುವುದು ಅಂತ ಗದಗಿನ ಅಕ್ಕ ಹೇಳಿಕೊಟ್ಟಿದ್ದರು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ತಮ್ಮ ಕೌದಿಯ ಮೂಲೆಗಳಿಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ. ಆ ಹೂವು ನನ್ನದಕ್ಕೂ ಇಡಬೇಕು ಅಂತ ನಾಲ್ಕು ತುಂಡು ತೆಗೆದಿಟ್ಟಿದ್ದೆ.

ಜೂನ್‌ನ ಮೂರನೇ ಭಾನುವಾರ ಅಮ್ಮ ಮೊದಲ ಬಸ್ಸಿಗೇ ಬಂದುಬಿಟ್ಟರು. ಕಪ್ಪು ಕನ್ನಡಕ ತೆಗೆದು ಬ್ಯಾಗಿನಲ್ಲಿಟ್ಟು, ಕಾಫಿಗೂ ಕಾಯದೆ, "ಮೊದಲು ಟೇಪು ತೆಗಿ" ಎಂದರು. ಆರೂ ಚೌಕವನ್ನು ನನ್ನ ಕೈಯಲ್ಲಿ ನಾಲ್ಕೂ ಕಡೆ ಅಳೆಸಿದರು. ಹನ್ನೆರಡೂವರೆ, ಹನ್ನೆರಡೂವರೆ, ಹನ್ನೆರಡೂವರೆ.

ಆಮೇಲೆ ಒಳಗೆ ಬಂದರು. ಅಷ್ಟು ಹೊತ್ತಿಗೆ ಮಂಚದ ಮೇಲೆ ನನ್ನ 24 ಚೌಕ ಜೋಡಿಸಿಟ್ಟಿದ್ದೆ. ಅದನ್ನು ಎತ್ತಿಡಬೇಕು ಅನ್ನುವುದು ನೆನಪಾಗಿರಲಿಲ್ಲ. ಅಮ್ಮ ಬಗ್ಗಿ ಒಂದೊಂದರ ಮೇಲೂ ಕೈಯಾಡಿಸುತ್ತ ಬಂದರು. ಹಸಿರು ಪಟ್ಟಿಯ ಹತ್ತಿರ ಬೆರಳು ನಿಂತಿತು. ಮೂಲೆಯ ಅಕ್ಷರ ನೋಡಿದರು. ಹೆಬ್ಬೆರಳಿನಲ್ಲಿ ಪಟ್ಟಿಯ ಅಗಲ ಅಳೆದರು, ದಪ್ಪ ಇರುವ ಕಡೆ ಒಂದು ಸಲ, ತೆಳ್ಳಗಿರುವ ಕಡೆ ಒಂದು ಸಲ.

"ಇದು ನಾನು ಹಾಕಿದ್ದಲ್ಲ" ಎಂದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಡುಗೆಮನೆಯಲ್ಲಿ ಹಾಲು ಉಕ್ಕುವ ಸದ್ದಾಯಿತು, ಅದಕ್ಕೂ ಹೋಗಲಿಲ್ಲ.

ಅಮ್ಮ ಇನ್ನೂ ಸ್ವಲ್ಪ ಹೊತ್ತು ನೋಡಿದರು. "ಬಣ್ಣ ಒಪ್ಪಿದೆ ಕಣೇ" ಎಂದರು. ಮಂಚದ ತುದಿಯಲ್ಲಿ ಕೂತರು. "ಆ ಹಸಿರು ಇನ್ನೂ ಉಳಿದಿದೆಯಾ? ನಾನಿಟ್ಟುಕೊಂಡದ್ದೂ ಅಷ್ಟೇ ಚಿಕ್ಕದಿರುತ್ತೆ. ಅದಕ್ಕೂ ನಾಲ್ಕು ಪಟ್ಟಿ ಕತ್ತರಿಸಿಕೊಡು."

ಹಾಲು ಇಳಿಸಿ ಬಂದು, ಬೀರುವಿನ ಕೆಳಗಿನ ಅರೆಯಿಂದ ಹಸಿರು ಬಟ್ಟೆ ತೆಗೆದು, ಒಂದೂಕಾಲು ಇಂಚಿಗೆ ಚಾಕ್‌ನಲ್ಲಿ ಗೆರೆ ಹಾಕಿದೆ. ಅಮ್ಮ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡರು.