ಅಕ್ಕನ ಮಗ ‘ಗೊತ್ತಿಲ್ಲ’ ಅಂದಾಗ ನಾನು ಮಾಡಿದ್ದು

ನಮ್ಮ ಕ್ರೈಸ್ತ ಸಭೆಗಳಲ್ಲಿ ಯಾರದಾದರೂ ಮಗ ನಂಬಿಕೆ ಬಿಟ್ಟ ಅಂತ ಗೊತ್ತಾದರೆ ಮೊದಲು ಉಪವಾಸ ಪ್ರಾರ್ಥನೆ ಶುರುವಾಗುತ್ತದೆ. ಆಮೇಲೆ ಪಾದ್ರಿ ಅಯ್ಯನವರು ಮನೆಗೆ ಬರುತ್ತಾರೆ. ಹುಡುಗ ತಲೆ ತಗ್ಗಿಸಿ ಹ್ಞೂಂ ಅನ್ನುತ್ತಾನೆ. ಚಹಾ ಆಗುತ್ತದೆ. ಅಲ್ಲಿಂದ ಮುಂದೆ ಅವನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಬಳ್ಳಾರಿಯಲ್ಲಿ ಸಂಡೇ ಸ್ಕೂಲ್ ನಡೆಸಿಕೊಂಡು ಬಂದವನು ನಾನು, ಇದನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಹಾಗಾಗಿ ನನ್ನ ಅಕ್ಕನ ಮಗನ ಸುದ್ದಿ ಬಂದಾಗ ಅಕ್ಕನಿಗೆ ಹೇಳಿದೆ: ‘ಅವನ ಹೆಸರು ಪ್ರಾರ್ಥನೆ ಕೂಟದಲ್ಲಿ ಓದಿಸಬೇಡ. ಮೊದಲು ಅವನು ಏನಂತಾನೆ ಕೇಳ್ತೀನಿ.’

ಹುಡುಗ ತೋರಣಗಲ್ಲಿಗೆ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ. ನೈಟ್ ಶಿಫ್ಟ್ ಮುಗಿಸಿ ಬಂದ ಬೆಳಿಗ್ಗೆ ಉಗ್ಗಾಣಿ, ಮಿರ್ಚಿ ತಿನ್ನಲು ಕರೆದುಕೊಂಡು ಹೋದೆ. ಮನೆಯಲ್ಲಾದರೆ ಅವ್ವ ಬಾಗಿಲ ಹಿಂದೆ ನಿಂತು ಕಣ್ಣು ಒರೆಸಿಕೊಳ್ಳುತ್ತಿರುತ್ತಾಳೆ, ಅಲ್ಲಿ ಯಾರು ಮನಸ್ಸು ಬಿಚ್ಚುತ್ತಾರೆ? ಬೈಬಲ್ ಒಯ್ಯಲಿಲ್ಲ. ‘ಮೊದಲು ಸಡಿಲ ಆಗಿದ್ದು ಯಾವುದಪ್ಪಾ?’ ಅಂತಷ್ಟೇ ಕೇಳಿದೆ.

ವಿಕಾಸವಾದ, ಬಿಗ್ ಬ್ಯಾಂಗ್ ಅಂತಾನೆ ಅಂದುಕೊಂಡಿದ್ದೆ. ಅವನು ತೆಗೆದದ್ದು ಕೌಲ್ ಬಜಾರಿನ ಗೆಳೆಯನ ಮಾತು.

‘ಮಾಮಾ, ಅವನೂ ನಾನೂ ಒಂದೇ ಬ್ಯಾಟಿನಲ್ಲಿ ಆಡಿದವರು. ಅವನು ಮುಸ್ಲಿಮರ ಮನೆಯಲ್ಲಿ ಹುಟ್ಟಿದ, ಅದಕ್ಕೆ ಅವನಿಗೆ ನರಕ. ನಮ್ಮ ಮುತ್ತಜ್ಜ ಮಿಶನ್ ಸ್ಕೂಲಿಗೆ ಹೋದ, ಅದಕ್ಕೆ ನನಗೆ ಸ್ವರ್ಗ. ಇದೆಂಥ ನ್ಯಾಯ? ದೇವರು ಇಲ್ಲ ಅಂತ ನಾನು ಹೇಳ್ತಿಲ್ಲ. ಇದ್ದಾನೋ ಇಲ್ವೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ, ಗೊತ್ತಿದ್ದವರ ಹಾಗೆ ಮಾತಾಡ್ತೀರಿ.’

ಸುಮ್ನೆ ಎತ್ತಿದ ಪ್ರಶ್ನೆ ಅಲ್ಲ ಇದು. ಲಂಡನ್ ಮಿಶನ್ನಿನ ಪಾದ್ರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬರದೇ ಬೇರೆ ಊರಿಗೆ ಹೋಗಿದ್ದರೆ ನಮ್ಮ ಮನೆತನ ಯಾವ ದೇವರ ಮುಂದೆ ಕೈ ಮುಗಿಯುತ್ತಿತ್ತೋ! ಅದನ್ನು ಒಪ್ಪಿಕೊಂಡೆ. ಆದರೆ ಆ ಗೆಳೆಯ ನರಕಕ್ಕೇ ಹೋಗುತ್ತಾನೆ ಅಂತ ತೀರ್ಪು ಕೊಡುವ ಕೆಲಸ ನನ್ನದಲ್ಲ ಅಂದೆ. ಮೋಶೆಯ ಧರ್ಮಶಾಸ್ತ್ರವಿಲ್ಲದ ಜನರ ಹೃದಯದಲ್ಲೂ ಅದು ಬರೆದಿದೆ ಅಂತ ಅಪೊಸ್ತಲ ಪೌಲನೇ ರೋಮಾಪುರದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಹೇಳುತ್ತಾನೆ. ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದೇ ಇದ್ದು, ಮನಸ್ಸಾಕ್ಷಿಯಂತೆ ನಡೆಯುವವರಿಗೂ ರಕ್ಷಣೆ ಸಿಗಬಹುದು ಅಂತ ಕ್ಯಾಥೊಲಿಕರು 1964ರಲ್ಲಿ ವ್ಯಾಟಿಕನ್ ಮಹಾಸಭೆಯಲ್ಲೇ ಬರೆದಿಟ್ಟಿದ್ದಾರೆ. ನಾನು ಪ್ರಾಟೆಸ್ಟೆಂಟ್, ಆದರೂ ಆ ಸಾಲು ನನಗೆ ಹಿಡಿಸುತ್ತದೆ. ‘ಇದನ್ನು ಸಂಡೇ ಸ್ಕೂಲಿನಲ್ಲಿ ಯಾಕೆ ಹೇಳಲಿಲ್ಲ?’ ಅಂತ ಅವನು ನಕ್ಕ.

ಹಾಗೆ ಆಗಾಗ ಕೂರುವುದು ರೂಢಿಯಾಯಿತು. ಒಮ್ಮೆ ಯೇಸುವನ್ನು ಹಿಡಿದುಕೊಟ್ಟ ಯೂದನ ಸಾವಿನ ಮಾತು ತೆಗೆದ. ಯೂದ ಉರುಲು ಹಾಕಿಕೊಂಡ ಅಂತ ಮತ್ತಾಯನ ಸುವಾರ್ತೆಯಲ್ಲಿದೆ, ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಬಿದ್ದು ಹೊಟ್ಟೆ ಒಡೆಯಿತು ಅಂತ ಇದೆ. ಹಗ್ಗ ಹರಿದು ಬಿದ್ದ ಅಂತ ಎರಡನ್ನೂ ಜೋಡಿಸುವವರಿದ್ದಾರೆ. ನಾನು ಆ ಕಸರತ್ತು ಮಾಡಲಿಲ್ಲ. ಎರಡನೇ ಶತಮಾನದಲ್ಲೇ ತಾತಿಯಾನ ಅನ್ನುವವನು ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆ ಪುಸ್ತಕಗಳನ್ನು ಹೊಲಿದು ಒಂದು ಮಾಡಿದ್ದ. ಸಿರಿಯಾದ ಸಭೆಗಳು ಬಹಳ ಕಾಲ ಅದನ್ನೇ ಓದಿದವು. ಕೊನೆಗೆ ಅವರೂ ಅದನ್ನು ಬಿಟ್ಟು ನಾಲ್ಕಕ್ಕೇ ಬಂದರು. ಹೊಂದದ ಸಾಲುಗಳನ್ನು ಬಚ್ಚಿಡಬೇಕು ಅಂತಿದ್ದರೆ ಆವಾಗಲೇ ಬಚ್ಚಿಡಬಹುದಿತ್ತಲ್ವಾ ಅಂದೆ. ಇಷ್ಟಕ್ಕೆ ಅವನೇನೂ ಕರಗಲಿಲ್ಲ. ಬೈಬಲಿನಲ್ಲಿ ಇಸ್ರಾಯೇಲ್ಯರು ಕಾನಾನ್ ನಾಡಿನಲ್ಲಿ ಮಕ್ಕಳನ್ನೂ ಬಿಡದೆ ಕೊಂದ ಕಥೆಯ ಬಗ್ಗೆ ಅವನು ಕೇಳಿದಾಗ, ಅದು ನನ್ನ ಗಂಟಲಲ್ಲೂ ಇಳಿಯುವುದಿಲ್ಲ ಅಂತ ಹೇಳಿ ಸುಮ್ಮನಾದೆ. ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ನರಳಿದ ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಪಕ್ಕದಲ್ಲಿ ಕೂತಿದ್ದರು, ಅಲ್ಲಿಯವರೆಗೆ ಸರಿಯಾಗೇ ಇತ್ತು. ಬಾಯಿ ತೆರೆದ ಮೇಲೆ ದೇವರಿಂದಲೇ ಬೈಸಿಕೊಂಡರು.

ಕ್ವೈರ್‌ನಲ್ಲಿ ಕೀಬೋರ್ಡ್ ನುಡಿಸುವುದನ್ನು ಅವನೇ ಬಿಟ್ಟ. ನಂಬದ ಹಾಡಿಗೆ ನುಡಿಸೋಕೆ ಆಗಲ್ಲ ಅಂದ. ‘ನುಡಿಸ್ತಾ ಇದ್ದರೆ ನಂಬಿಕೆ ತಾನಾಗೇ ಬರುತ್ತೆ’ ಅಂತ ಕೆಲವರು ಜಗ್ಗಿದರು. ನಾನು ಅವನ ಕಡೆ ನಿಂತೆ. ಹಬ್ಬಕ್ಕೆ ಅವ್ವನ ಜೊತೆ ಚರ್ಚಿಗೆ ಬರುತ್ತಾನೆ, ಪ್ರಭುಭೋಜನದ ರೊಟ್ಟಿ ತಗೊಳ್ಳಲು ಎಲ್ಲರೂ ಎದ್ದು ಮುಂದೆ ಹೋದಾಗ ಬೆಂಚಿನಲ್ಲೇ ಕೂತಿರುತ್ತಾನೆ. ಹಿಂದಿನ ಸಾಲಿನ ಹೆಂಗಸರು ಕತ್ತು ಉದ್ದ ಮಾಡಿ ನೋಡುತ್ತಾರೆ. ನೋಡಲಿ. ಸುಳ್ಳು ನಂಬಿಕೆಯಿಂದ ರೊಟ್ಟಿ ಮುಟ್ಟುವುದಕ್ಕಿಂತ ಇದರಲ್ಲಿ ಮರ್ಯಾದೆ ಜಾಸ್ತಿ.

ಒಂದು ಸಲ ನೇರವಾಗಿ ಕೇಳಿದ: ‘ನನಗಾಗಿ ಪ್ರಾರ್ಥನೆ ಮಾಡ್ತೀರಾ, ಮಾಮಾ?’

‘ದಿನಾ ಮಾಡ್ತೀನಿ.’

‘ನಾನು ವಾಪಸ್ ಬರಲಿ ಅಂತಾನಾ?’

‘ಹೌದು. ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ?’

ಬೇಜಾರು ಮಾಡಿಕೊಳ್ಳಲಿಲ್ಲ. ‘ಹೇಳಿದಿರಲ್ಲ, ಸಾಕು’ ಅಂದ.

ಈಗ ಮಾತು ಪುನರುತ್ಥಾನಕ್ಕೆ, ಅಂದರೆ ಸತ್ತ ಕ್ರಿಸ್ತ ಮತ್ತೆ ಎದ್ದು ಬಂದದ್ದಕ್ಕೆ ಬಂದಿದೆ. ಇಲ್ಲಿ ನಾನು ಜಾರಿಕೊಳ್ಳುವ ಹಾಗಿಲ್ಲ. ಕ್ರಿಸ್ತ ಎದ್ದು ಬರಲಿಲ್ಲ ಅಂದರೆ ನಿಮ್ಮ ನಂಬಿಕೆಯೇ ವ್ಯರ್ಥ ಅಂತ ಕೊರಿಂಥದವರಿಗೆ ಪೌಲನೇ ಬರೆದುಬಿಟ್ಟಿದ್ದಾನಲ್ಲ. ಐನೂರಕ್ಕಿಂತ ಹೆಚ್ಚು ಜನ ನೋಡಿದರು, ಬಹಳ ಮಂದಿ ಇನ್ನೂ ಬದುಕಿದ್ದಾರೆ ಅಂತಲೂ ಅದೇ ಅಧ್ಯಾಯದಲ್ಲಿದೆ. ಶಿಲುಬೆಯಾಗಿ ಇಪ್ಪತ್ತು ಚಿಲ್ಲರೆ ವರ್ಷಕ್ಕೇ ಬರೆದ ಪತ್ರ ಅದು, ಬೇಕಿದ್ದವರು ಹೋಗಿ ಕೇಳಬಹುದಿತ್ತು ಅನ್ನುವುದು ನನ್ನ ವಾದ. ‘ಆ ಐನೂರು ಜನರಲ್ಲಿ ಒಬ್ಬರ ಹೆಸರಾದರೂ ಬರೆದಿದ್ದಾನಾ?’ ಅನ್ನುವುದು ಅವನದು. ಸದ್ಯಕ್ಕೆ ಇಬ್ಬರೂ ಅಲ್ಲೇ ಜಗ್ಗಾಡುತ್ತಿದ್ದೇವೆ.