ಕಿಮೋ ನಡೆಯುವಾಗ ಬೆಕ್ಕು ಮನೆಯಲ್ಲೇ ಇರಲಿ, ಹೊಯಿಗೆ ಟ್ರೇ ಬೇರೆಯವರ ಕೈಗೆ ಹೋಗಲಿ

ಉಡುಪಿಯಲ್ಲಿರುವ ನನ್ನ ಚಿಕ್ಕಮ್ಮನಿಗೆ ಕಿಮೋಥೆರಪಿ ಎಂದು ನಿರ್ಧಾರವಾದ ದಿನವೇ ಬಂಧುಗಳ ಸಲಹೆ ಬಂತು: ‘ಪುಚ್ಚೆಯನ್ನು ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟು ಬನ್ನಿ.’ ಆರು ವರ್ಷ ಅವರ ಕಾಲಬುಡದಲ್ಲೇ ಮಲಗಿದ ಬೆಕ್ಕದು. ಸಾಮಾನ್ಯವಾಗಿ ಬೆಕ್ಕನ್ನು ಮನೆಯಿಂದ ಓಡಿಸುವ ಅಗತ್ಯವಿಲ್ಲ. ಕಿಮೋದಿಂದ ಸೋಂಕು ತಡೆಯುವ ಶಕ್ತಿ ಕುಗ್ಗುವುದರಿಂದ, ಬದಲಾಗಬೇಕಾದದ್ದು ಅದರ ಹೊಲಸು ತೆಗೆಯುವ ಕೈ.

ಮೊದಲ ಹಂತ: ಮನೆಯಲ್ಲಿ ಬೆಕ್ಕಿದೆ ಎಂದು ಕ್ಯಾನ್ಸರ್ ವೈದ್ಯರಿಗೆ ತಿಳಿಸಿ. ಕಿಮೋ ಆರಂಭಕ್ಕೆ ಮುನ್ನವೇ ಬೆಕ್ಕಿಗೆ ರೇಬೀಸ್ ಲಸಿಕೆ, ಜಂತುಹುಳದ ಔಷಧ, ಚಿಗಟದ ಔಷಧ ಎಲ್ಲವನ್ನೂ ಪಶುವೈದ್ಯರಲ್ಲಿ ಮುಗಿಸಿ. ಅಂಗಡಿಯಲ್ಲಿ ನಾಯಿಗೆಂದು ಮಾರುವ ಪರ್ಮೆಥ್ರಿನ್ ಹನಿಯನ್ನು ಮಾತ್ರ ಹಾಕಬೇಡಿ, ಅದು ಬೆಕ್ಕಿನ ಜೀವವನ್ನೇ ತೆಗೆಯಬಲ್ಲದು. ಚಿಕಿತ್ಸೆ ಮುಗಿಯುವವರೆಗೆ ಹೊಸ ಮರಿ ಬೇಡ.

ಎರಡನೆಯದು: ಬೆಕ್ಕನ್ನು ಹೊರಗೆ ಬಿಡಬೇಡಿ. ಬೂತಾಯಿ, ಬಂಗುಡೆ ಹೆಚ್ಚುವಾಗ ತಲೆ, ಕರುಳನ್ನು ಹಾಗೆಯೇ ಎಸೆಯುವ ನಮ್ಮ ರೂಢಿಯನ್ನೂ ನಿಲ್ಲಿಸಿ. ಮೀನು ಬೇಯಿಸಿಯೇ ಹಾಕಿ.

ಇನ್ನು ಹೊಯಿಗೆ ಟ್ರೇ, ಅಂದರೆ ಬೆಕ್ಕು ಮಲ ಮಾಡಲು ಮರಳು ಹಾಕಿಟ್ಟ ತಟ್ಟೆ. ಎಲ್ಲರೂ ಎಡವುವುದು ಇಲ್ಲಿಯೇ. ಇಲಿ, ಹಸಿ ಮಾಂಸದಿಂದ ಬೆಕ್ಕಿಗೆ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ತಗಲಿದರೆ, ಅದರ ಸೂಕ್ಷ್ಮ ಕೋಶಗಳು ಕೆಲವು ವಾರ ಮಲದಲ್ಲಿ ಬರುತ್ತವೆ. ಹೊರಬಂದ ಕೂಡಲೇ ಅವುಗಳಿಂದ ರೋಗ ಹರಡುವುದಿಲ್ಲ. ಅವು ಬಲಿಯಲು 1ರಿಂದ 5 ದಿನ ಬೇಕು. ಆದ್ದರಿಂದ ಪ್ರತಿದಿನ, ತಪ್ಪದೆ, ಮಲ ತೆಗೆಯಬೇಕು. ‘ವಾರಗಟ್ಟಲೆ ವಾಸನೆಯಿಲ್ಲ’ ಎಂದು ಹೇಳಿಕೊಂಡು ಹೊಯಿಗೆಯ ಬದಲು ಮಾರುವ ಪರಿಮಳದ ಹರಳುಗಳನ್ನು ಕೊಳ್ಳಲೇಬೇಡಿ. ವಾಸನೆ ಬಾರದಿದ್ದರೆ ನಾವು ಟ್ರೇಯನ್ನು ಮರೆಯುತ್ತೇವೆ. ಅಡಿಗೆ ಹಳೆಯ ಪತ್ರಿಕೆ ಹಾಸಿ, ತೆಳುವಾಗಿ ಹೊಯಿಗೆ ಹರಡಿ, ದಿನಕ್ಕೊಮ್ಮೆ ಅಷ್ಟನ್ನೂ ಮಡಚಿ ಚೀಲಕ್ಕೆ ಹಾಕುವುದೇ ಒಳ್ಳೆಯದು. ಕೊಡವಬೇಡಿ, ಧೂಳು ಏಳುತ್ತದೆ. ಬಸಳೆ ಬುಡಕ್ಕಾಗಲಿ ತುಳಸಿಕಟ್ಟೆಗಾಗಲಿ ಸುರಿಯಬೇಡಿ. ಖಾಲಿ ಟ್ರೇಗೆ ಕುದಿಯುವ ನೀರು ಹೊಯ್ದು ಕೆಲವು ನಿಮಿಷ ಬಿಡಿ. ಬ್ಲೀಚಿಗೆ ಆ ಕೋಶಗಳು ಸಾಯುವುದಿಲ್ಲ. ಫಿನೈಲ್ ಬೆಕ್ಕಿಗೇ ವಿಷ.

ಈ ಕೆಲಸವನ್ನು ರೋಗಿ ಮಾಡಬಾರದು. ಮನೆಯಲ್ಲಿರುವ ಗರ್ಭಿಣಿಯರಿಗೂ ವಹಿಸಬಾರದು. ಚಿಕ್ಕಮ್ಮ ‘ಆಗಲಿ’ ಎಂದರು. ಒಂದು ಬೆಳಿಗ್ಗೆ ಐದು ಗಂಟೆಗೆ ಬಚ್ಚಲ ಬಳಿ ಸದ್ದಾಯಿತೆಂದು ಹೋಗಿ ನೋಡಿದರೆ, ತಲೆಗೆ ಸೆರಗು ಹೊದ್ದು, ಬರಿಗೈಯಲ್ಲಿ ಟ್ರೇ ಹಿಡಿದು ನಿಂತಿದ್ದರು. ಸೂಜಿ ಚುಚ್ಚಿದಲ್ಲಿ ಅಂಟಿಸಿದ ಹತ್ತಿಯನ್ನೂ ತೆಗೆದಿರಲಿಲ್ಲ. ‘ಈ ಹೊಲಸನ್ನು ನಿಮ್ಮ ಕೈಯಲ್ಲಿ ಹೇಗೆ ತೆಗೆಸುವುದು?’ ಎಂದರು. ಆದ್ದರಿಂದ ರೋಗಿ ಕೇಳುವವರೆಗೆ ಕಾಯಬೇಡಿ. ಯಾರು, ಎಷ್ಟು ಗಂಟೆಗೆ ಎಂದು ಬರೆದು ಗೋಡೆಗೆ ಅಂಟಿಸಿ. ಒಬ್ಬರೇ ಇರುವವರು ನೆರೆಯವರನ್ನು ಕೇಳಿ. ಯಾರೂ ಸಿಗದಿದ್ದರೆ ಬಿಸಾಡುವ ಕೈಗವಸು, ಮಾಸ್ಕ್ ಹಾಕಿಕೊಂಡು ತೆಗೆದು, ಕೂಡಲೇ ಸೋಪಿನಲ್ಲಿ ಕೈ ತೊಳೆಯಿರಿ. ಮಳೆಗಾಲದಲ್ಲಿ ಊರ ಬೆಕ್ಕುಗಳು ಜಗಲಿಯ ಹೂಕುಂಡವನ್ನೇ ಕೆದಕುತ್ತವೆ, ಆ ಮಣ್ಣನ್ನೂ ಮುಟ್ಟಬೇಡಿ.

ಪರಚುವಿಕೆ: ಕಿಮೋ ಕೊಟ್ಟ ಸುಮಾರು 7ರಿಂದ 14 ದಿನಗಳ ನಡುವೆ ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ತೀರಾ ಇಳಿದಿರುತ್ತವೆ. ಆಗ ಬೆಕ್ಕಿನೊಂದಿಗೆ ಕೈಯಾಟ ಬೇಡ, ಬೆನ್ನು ಸವರಿದರೆ ಸಾಕು. ಉಗುರಿನ ತುದಿಯನ್ನು ಮನೆಯ ಬೇರೊಬ್ಬರು ಕತ್ತರಿಸಲಿ. ಗಾಯ, ಪೋರ್ಟ್ (ಔಷಧ ಕೊಡಲು ಚರ್ಮದಡಿ ಕೂರಿಸಿದ ಸಾಧನ), ಔಷಧದ ಕೊಳವೆಯ ಬಳಿ ನೆಕ್ಕಲು ಬಿಡಬೇಡಿ. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ವೈದ್ಯರನ್ನು ಕಾಣಿ. ಕಿಮೋ ನಡೆಯುತ್ತಿದೆ ಎಂದು ಮೊದಲೇ ಹೇಳಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಕೊನೆಯದಾಗಿ, ಬೆಕ್ಕಿನ ಸುರಕ್ಷತೆ. ಕಿಮೋ ಔಷಧ ಕನಿಷ್ಠ ಎರಡು ದಿನ ರೋಗಿಯ ಮೂತ್ರ, ವಾಂತಿಯಲ್ಲಿ ಹೊರಬೀಳುತ್ತದೆ. ಕಮೋಡಿನ ಮುಚ್ಚಳ ಹಾಕಿ ಎರಡು ಬಾರಿ ನೀರು ಬಿಡಿ, ವಾಂತಿಯ ಬೇಸನ್ ಹಾಗೆಯೇ ಇಡಬೇಡಿ. ಕ್ಯಾಪೆಸಿಟಬಿನ್ ಎಂಬ ಕಿಮೋ ಮಾತ್ರೆ ದೇಹದೊಳಗೆ ಫ್ಲೋರೊಯುರಾಸಿಲ್ ಎಂಬ ಔಷಧವಾಗಿ ಬದಲಾಗುತ್ತದೆ, ಅದು ಬೆಕ್ಕಿಗೆ ಮಾರಕ. ಮಾತ್ರೆ ಕೈಜಾರಿ ಬಿದ್ದರೆ, ಅದು ಸಿಗುವವರೆಗೆ ಬೆಕ್ಕನ್ನು ಆ ಕೋಣೆಗೆ ಬಿಡಬೇಡಿ.